ಗೃಹ ವಿಜ್ಞಾನ ಶಿಕ್ಷಣ: ದೆಹಲಿಯ ಲೇಡಿ ಇರ್ವಿನ್ ಕಾಲೇಜಿನಿಂದ ಧಾರವಾಡದವರೆಗೆ

ಹಾಲುರಾಮೇಶ್ವರ ಸೇರಿದಂತೆ ಹೊಸದುರ್ಗ ತಾಲ್ಲೂಕಿನ ಗ್ರಾಮಗಳ ವಿದ್ಯಾರ್ಥಿಗಳು ಹಾಗೂ ಪೋಷಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಗೃಹ ವಿಜ್ಞಾನವೆಂದರೆ ಅಡುಗೆ ಮತ್ತು ಹೊಲಿಗೆಯ ತರಬೇತಿ ಮಾತ್ರ ಎಂಬ ತಪ್ಪು ಕಲ್ಪನೆಯಿಂದ ಅರ್ಹರು ಅರ್ಜಿ ಸಲ್ಲಿಸದೆ ಉಳಿಯುವ ಸಂಭವವಿದೆ.

ಹಿನ್ನೆಲೆ

ಅಖಿಲ ಭಾರತ ಮಹಿಳಾ ಸಮ್ಮೇಳನದ ಮೊದಲ ಅಧಿವೇಶನವು 1927ರಲ್ಲಿ ಪುಣೆಯಲ್ಲಿ ಜರುಗಿತು. ಮಹಿಳೆಯರಿಗೆ ಉಪಯುಕ್ತವಾದ ಉನ್ನತ ಶಿಕ್ಷಣ ದೊರೆಯಬೇಕೆಂಬುದು ಅದರ ಮುಖ್ಯ ಬೇಡಿಕೆಯಾಗಿತ್ತು. ಇದರ ಫಲವಾಗಿ 1932ರಲ್ಲಿ ನವದೆಹಲಿಯಲ್ಲಿ ಲೇಡಿ ಇರ್ವಿನ್ ಕಾಲೇಜು 11 ವಿದ್ಯಾರ್ಥಿನಿಯರೊಂದಿಗೆ ಆರಂಭವಾಯಿತು. ಮಂಗಳೂರಿನಲ್ಲಿ 1903ರಲ್ಲಿ ಜನಿಸಿದ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯ ಅವರು ಈ ಸಂಸ್ಥೆಯ ಸ್ಥಾಪನೆಗೆ ಶ್ರಮಿಸಿದವರಲ್ಲಿ ಒಬ್ಬರೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಸಿಕಂದ್ರಾ ರಸ್ತೆಯಲ್ಲಿರುವ ಈ ಕಾಲೇಜು 1950ರಲ್ಲಿ ದೆಹಲಿ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದ ನಂತರ ಗೃಹ ವಿಜ್ಞಾನವು ಪದವಿಯ ಮಾನ್ಯತೆ ಪಡೆಯಿತು.

ಕರ್ನಾಟಕದಲ್ಲಿ

ಧಾರವಾಡದಲ್ಲಿ 1974ರಲ್ಲಿ ಗ್ರಾಮೀಣ ಗೃಹ ವಿಜ್ಞಾನ ಮಹಾವಿದ್ಯಾಲಯವು ಪ್ರಾರಂಭವಾಯಿತು. 1986ರಲ್ಲಿ ಸ್ಥಾಪನೆಯಾದ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಂಗವಾಗಿರುವ ಇದು ಈಗ ಸಮುದಾಯ ವಿಜ್ಞಾನ ಮಹಾವಿದ್ಯಾಲಯವೆಂಬ ಹೆಸರನ್ನು ಹೊಂದಿದೆ. ಹಳೆಯ ಹೆಸರನ್ನೇ ಹುಡುಕುವ ಅಭ್ಯರ್ಥಿಗಳು ಇದನ್ನು ಗಮನಿಸತಕ್ಕದ್ದು.

ಏನನ್ನು ಕಲಿಸಲಾಗುತ್ತದೆ

ಆಹಾರ ಮತ್ತು ಪೋಷಣೆ, ಮಾನವ ಅಭಿವೃದ್ಧಿ, ಜವಳಿ ಮತ್ತು ಉಡುಪು ವಿನ್ಯಾಸ, ಕುಟುಂಬ ಸಂಪನ್ಮೂಲ ನಿರ್ವಹಣೆ ಹಾಗೂ ವಿಸ್ತರಣೆ ಇವು ಪ್ರಮುಖ ವಿಷಯಗಳು. ಇವುಗಳ ಪ್ರಯೋಜನವನ್ನು ನಮ್ಮ ಊರಿನ ಅಂಗನವಾಡಿಯಲ್ಲಿಯೇ ಕಾಣಬಹುದು. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದಲ್ಲಿ ಪ್ರಾರಂಭವಾದಾಗ ರಾಜ್ಯದಲ್ಲಿ ಮೊದಲು ಆಯ್ಕೆಯಾದದ್ದು ಟಿ. ನರಸೀಪುರ. ಮಗುವಿನ ತೂಕ ನೋಡಿ ಬೆಳವಣಿಗೆಯನ್ನು ಅಳೆಯುವುದು, ಪೂರಕ ಆಹಾರದ ಪೌಷ್ಟಿಕಾಂಶವನ್ನು ನಿರ್ಧರಿಸುವುದು, ಶಾಲಾಪೂರ್ವ ಶಿಕ್ಷಣ ನೀಡುವುದು ಇವೆಲ್ಲವೂ ಈ ಶಾಸ್ತ್ರಕ್ಕೆ ಸೇರಿದ ಕಾರ್ಯಗಳು. ಮನೆಯೊಳಗಿನ ಕೆಲಸವೆಂದು ಲೆಕ್ಕಕ್ಕೆ ಬಾರದಿದ್ದ ಜ್ಞಾನವು ಹೀಗೆ ಸಾರ್ವಜನಿಕ ಸೇವೆಗೆ ಆಧಾರವಾಗಿದೆ.

ಅರ್ಜಿ ಸಲ್ಲಿಸುವವರ ಗಮನಕ್ಕೆ

1. ಧಾರವಾಡದ ಪದವಿ ಪ್ರವೇಶಕ್ಕೆ ಪದವಿಪೂರ್ವ ಹಂತದಲ್ಲಿ ವಿಜ್ಞಾನ ವಿಷಯಗಳನ್ನು ಓದಿರಬೇಕು. ಅರ್ಜಿಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಸಲ್ಲಿಸಬೇಕು.

2. ಕೃಷಿಕರ ಕೋಟಾ ಬಯಸುವವರು ನಿಗದಿತ ಪ್ರಮಾಣಪತ್ರಗಳನ್ನು ಮುಂಚಿತವಾಗಿ ಪಡೆದಿಟ್ಟುಕೊಳ್ಳುವುದು ಸೂಕ್ತ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು.

3. ದೆಹಲಿ ವಿಶ್ವವಿದ್ಯಾಲಯವು 2022ರಿಂದ ಪದವಿ ಪ್ರವೇಶಕ್ಕೆ ಸಿಯುಇಟಿ ಪರೀಕ್ಷೆಯನ್ನು ಅನುಸರಿಸುತ್ತಿದೆ. ಈ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿಯೂ ಬರೆಯಲು ಅವಕಾಶವಿದೆ.

4. ಹಿಂದೆ ಗೃಹ ವಿಜ್ಞಾನ ಪದವಿ ಪಡೆದವರು ಉದ್ಯೋಗಕ್ಕೆ ಅರ್ಜಿ ಸಲ್ಲಿಸುವಾಗ ಅಧಿಸೂಚನೆಯಲ್ಲಿ ನಮೂದಿಸಿರುವ ಪದವಿಯ ಹೆಸರನ್ನು ಪರಿಶೀಲಿಸಬೇಕು. ಹೆಸರಿನಲ್ಲಿ ವ್ಯತ್ಯಾಸ ಕಂಡುಬಂದಲ್ಲಿ ಕೊನೆಯ ದಿನಾಂಕದವರೆಗೆ ಕಾಯದೆ ತಮ್ಮ ವಿಶ್ವವಿದ್ಯಾಲಯದ ಕುಲಸಚಿವರ ಕಚೇರಿಯಿಂದ ಲಿಖಿತ ಸ್ಪಷ್ಟೀಕರಣ ಪಡೆಯುವುದು ಒಳಿತು.