ನೂರಕ್ಕೆ ಎರಡು, ಹದಿಮೂರು ವರ್ಷ ತಡ

ಕೋಲಾರದ ಚಿನ್ನದ ಊರು ಕೆಜಿಎಫ್‌ನ ಗಣಿಗಳು 1880ರಿಂದ 2001ರವರೆಗೆ ಕೊಟ್ಟ ಚಿನ್ನ 800 ಟನ್‌ಗೂ ಮಿಗಿಲು. ಅಷ್ಟನ್ನೂ ಕರಗಿಸಿ ಒಂದೇ ಗಟ್ಟಿಯಾಗಿ ಎರಕ ಹೊಯ್ದರೆ ಎಷ್ಟು ದೊಡ್ಡದಾದೀತು? ಉದ್ದ, ಅಗಲ, ಎತ್ತರ ಎಲ್ಲವೂ ಮೂರೂವರೆ ಮೀಟರ್. ಒಂದು ಮಲಗುವ ಕೋಣೆಯಷ್ಟು, ಮುಗಿಯಿತು!

ಆ ಒಂದು ಕೋಣೆಗಾಗಿ ಚಾಂಪಿಯನ್ ರೀಫ್ ಗಣಿ ಸುಮಾರು 3,200 ಮೀಟರ್ ಕೆಳಗಿಳಿಯಿತು. ಸಮುದ್ರಮಟ್ಟದಿಂದ ಅಳೆದ ಮುಳ್ಳಯ್ಯನಗಿರಿಯನ್ನು ಅದರೊಳಗೆ ಇಳಿಸಿ, ಮೇಲೆ ಚಾಮುಂಡಿ ಬೆಟ್ಟವನ್ನೂ ಕೂರಿಸಿ. ಇನ್ನೂ 200 ಮೀಟರ್ ಜಾಗ ಖಾಲಿ.

ಗಣಿಗೆಂದೇ ಮೈಸೂರು ಸರ್ಕಾರ 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ವಿದ್ಯುತ್ ತಂದಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ! ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿ ಸರ್ಕಾರಕ್ಕೆ ಎಷ್ಟು ಕೊಟ್ಟಿತು ಎಂದು ಎಲ್ಲರೂ ಕೇಳುತ್ತಾರೆ. ಸರ್ಕಾರ ಕಂಪನಿಗೆ ಕೊಟ್ಟದ್ದೇನು ಕಡಿಮೆಯೇ?

ಇನ್ನು ಉಳಿದದ್ದು. ಊರವರು ಸೈನೈಡ್ ಗುಡ್ಡ ಎನ್ನುವ ಆ ಬೂದುಬಣ್ಣದ ದಿಬ್ಬಗಳಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಸುಮಾರು 3.3 ಕೋಟಿ ಟನ್ ಕಲ್ಲಿನ ಪುಡಿ ಬಿದ್ದಿದೆ. ಗಾಳಿ ಎದ್ದರೆ ಅದು ಒಣಹಾಕಿದ ಬಟ್ಟೆ, ಮುಚ್ಚದ ಕೊಡ ಎಲ್ಲವನ್ನೂ ಮುಟ್ಟುತ್ತದೆ. ಆನೆಗೆ 5 ಟನ್‌ನಂತೆ ಲೆಕ್ಕ ಹಾಕಿದರೆ 66 ಲಕ್ಷ ಆನೆ. 2023ರ ಗಣತಿಯಲ್ಲಿ ಇಡೀ ಕರ್ನಾಟಕಕ್ಕೆ ಸಿಕ್ಕ ಆನೆಗಳು 6,395. ಸಾವಿರ ಕರ್ನಾಟಕ ಸೇರಿಸಿದರೂ ಸಾಲದು! ಸಿಕ್ಕ ಚಿನ್ನದ ಒಂದೊಂದು ಗ್ರಾಮಿಗೆ ಸುಮಾರು 41 ಕಿಲೋ ಪುಡಿ.

ಇದನ್ನೆಲ್ಲ ಯಾರು ನೋಡಿಕೊಳ್ಳಬೇಕು? ಜಾನ್ ಟೇಲರ್ ಕಂಪನಿ 76 ವರ್ಷ ಆಳಿತು. 1956ರಲ್ಲಿ ಗಣಿ ರಾಜ್ಯದ್ದಾಯಿತು, 1962ರಲ್ಲಿ ಕೇಂದ್ರದ್ದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸರ್ಕಾರಿ ಕಂಪನಿಯದ್ದು. ಹದಿನಾರೇ ವರ್ಷದಲ್ಲಿ ಮೂರು ಸಲ ಯಜಮಾನ ಬದಲಾದ. ಆಸ್ಪತ್ರೆ, ಶಾಲೆ, ನೀರು, ಕಾರ್ಮಿಕರ ಲೈನ್ ಮನೆ ಎಲ್ಲವೂ ಗಣಿಯ ಬೆನ್ನಿಗೇ ಕಟ್ಟಿಕೊಂಡಿದ್ದವು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ದೊಡ್ಡ ಕಂಪನಿಗಳು ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ ಕಾನೂನು ಜಾರಿಯಾದದ್ದು 2014ರ ಏಪ್ರಿಲ್ 1ರಂದು. ಹದಿಮೂರು ವರ್ಷ ತಡ! ಗಣಿಯಿಂದ ಬಾಧಿತರಾದವರಿಗಾಗಿ ಹಣ ತೆಗೆದಿಡುವ ಜಿಲ್ಲಾ ಖನಿಜ ಪ್ರತಿಷ್ಠಾನದ ಕಾನೂನು ಬಂದದ್ದು 2015ರಲ್ಲಿ. ಮುಚ್ಚಿದ ಗಣಿಯ ಲಾಭ ಸೊನ್ನೆ. ಸೊನ್ನೆಗೆ ನೂರಕ್ಕೆ ಎರಡೂ ಸೊನ್ನೆಯೇ, ಇದಕ್ಕೆ ಲೆಕ್ಕಪರಿಶೋಧಕ ಬೇಕಿಲ್ಲ.

ತಮಾಷೆಗೆ, ಲಾಭದ ಬದಲು ಚಿನ್ನದಲ್ಲೇ ನೂರಕ್ಕೆ 2 ತೆಗೆದಿಡೋಣ (ಲೆಕ್ಕದ ಮೇಷ್ಟ್ರು ಕಿವಿ ಹಿಂಡಿಯಾರು). 16 ಟನ್! ಗ್ರಾಮಿಗೆ ಹತ್ತು ಸಾವಿರ ಹಿಡಿದರೂ 16,000 ಕೋಟಿ ರೂಪಾಯಿ. ಮೊದಲ ವರ್ಷ, 2014-15ರಲ್ಲಿ, ದೇಶದ ಎಲ್ಲ ಕಂಪನಿಗಳೂ ಸೇರಿ ಆ ಕಾನೂನಿನಂತೆ ಸಮಾಜಕ್ಕೆ ಖರ್ಚು ಮಾಡಿದ್ದು ಹತ್ತು ಸಾವಿರ ಕೋಟಿಯ ಆಸುಪಾಸು.

ಗಣಿ ಮುಚ್ಚಿದ ಮೇಲೆ ಊರಿನ ಪಾಲಿಗೆ ಸಿಕ್ಕದ್ದು ಕೆಲಸಕ್ಕೆ ಹೋಗುವ ರೈಲು. ಕೆಜಿಎಫ್‌ನ ಮಾರಿಕುಪ್ಪಂನಿಂದ ಬಂಗಾರಪೇಟೆ ಮೂಲಕ ಬೆಂಗಳೂರಿಗೆ ಸುಮಾರು 86 ಕಿ.ಮೀ. ಬೆಳಗಿನ ಜಾವ ಹೊರಟು ರಾತ್ರಿ ಮರಳುವವರು ಸಾವಿರಾರು ಮಂದಿ. ವರ್ಷಕ್ಕೆ 280 ದಿನ ಓಡಾಡಿದರೆ ಒಬ್ಬೊಬ್ಬರೂ ಭೂಮಿಗೆ ಒಂದು ಸುತ್ತು ಹಾಕಿ ಎಂಟು ಸಾವಿರ ಕಿ.ಮೀ. ಮಿಗಿಸುತ್ತಾರೆ. ಇಪ್ಪತ್ತು ವರ್ಷಕ್ಕೆ? ಚಂದ್ರನಿಗೆ ಹೋಗಿ, ಬಂದು, ಮತ್ತೆ ಅರ್ಧ ದಾರಿ. ಅದೂ ಎಷ್ಟೋ ದಿನ ನಿಂತುಕೊಂಡೇ!