ಕನ್ಸೋಲ್ ತಂತಿಯ ಮೌನ

ಗಣಕಜಾಲದ ಸಂದೇಶಗಳಿಗೆ ದಾರಿ ತೋರುವ ಯಂತ್ರವೇ ರೂಟರ್. ಅದರ ಏರ್ಪಾಡು ಕೆಟ್ಟರೆ ಜಾಲದ ಮೂಲಕ ಅದನ್ನು ತಲುಪುವುದು ಸಾಧ್ಯವಾಗದೆ ಹೋಗಬಹುದು. ಆಗ ಉಳಿಯುವ ಬಾಗಿಲು ಕನ್ಸೋಲ್. ಯುಎಸ್‌ಬಿ ತಂತಿಯಿಂದ ಗಣಕವನ್ನು ಇದಕ್ಕೆ ನೇರವಾಗಿ ಜೋಡಿಸಿ ಆಜ್ಞೆಗಳನ್ನು ಕೊಡಬಹುದು. ಈ ಬಾಗಿಲೂ ತೆರೆಯದಿದ್ದರೆ ದೋಷವೆಲ್ಲಿದೆಯೆಂಬುದನ್ನು ಬಹುಮಟ್ಟಿಗೆ ಪರದೆಯೇ ಸೂಚಿಸುವುದು.

ಗಣಕದಿಂದ ಹೊರಡುವುದು ಯುಎಸ್‌ಬಿ ಸಂಕೇತ; ಕನ್ಸೋಲ್ ಅರಿಯುವುದಾದರೋ ಮಿಡಿತಗಳು ಒಂದರ ಹಿಂದೊಂದು ಸಾಗುವ ಸರಣಿ ಸಂಕೇತ. ಒಂದನ್ನು ಮತ್ತೊಂದಾಗಿ ಮಾರ್ಪಡಿಸುವ ಪರಿವರ್ತಕವು ತಂತಿಯಲ್ಲಿಯೋ ರೂಟರಿನೊಳಗೋ ಇರುವುದು.

ಪರದೆ ಬರಿದಾಗಿದ್ದರೆ ಎಂಟರ್ ಕೀಲಿಯನ್ನು ಒತ್ತಿ ನೋಡಬೇಕು. ಆಗಲೂ ಉತ್ತರ ಬಾರದಿದ್ದರೆ ಸಂಕೇತವು ದಾರಿಯಲ್ಲಿಯೇ ನಿಂತಿರಬಹುದು. ಕೆಲವು ಯುಎಸ್‌ಬಿ ತಂತಿಗಳು ಮೊಬೈಲಿಗೆ ವಿದ್ಯುತ್ತು ತುಂಬಲಷ್ಟೇ ಯೋಗ್ಯ. ಸಂಕೇತವನ್ನೊಯ್ಯುವ ಎಳೆಗಳೇ ಅವುಗಳಲ್ಲಿ ಇರುವುದಿಲ್ಲ. ಪರಿವರ್ತಕವನ್ನು ಗಣಕಕ್ಕೆ ಪರಿಚಯಿಸುವ ‘ಡ್ರೈವರ್’ ಇಲ್ಲದಿದ್ದರೂ, ತಪ್ಪು ‘ಕಾಮ್’ ಸಂಖ್ಯೆಯನ್ನು ಆರಿಸಿದ್ದರೂ ಫಲ ಅದೇ. 9 ಕಡ್ಡಿಗಳ ಪರಿವರ್ತಕವಾದರೆ ಒಂದು ಸುಲಭ ಪರೀಕ್ಷೆಯುಂಟು. ಅದನ್ನು ರೂಟರಿನಿಂದ ಬಿಡಿಸಿ, ಸಂಕೇತವನ್ನು ಪಡೆಯುವ 2ನೆಯ ಕಡ್ಡಿಯನ್ನೂ ಕಳುಹಿಸುವ 3ನೆಯ ಕಡ್ಡಿಯನ್ನೂ ಚಿಕ್ಕ ತಂತಿಯಿಂದ ಕೂಡಿಸಬೇಕು. ಒತ್ತಿದ ಅಕ್ಷರವು ಪರದೆಗೆ ಮರಳಿದರೆ ಗಣಕವೂ ಪರಿವರ್ತಕವೂ ಸರಿಯಾಗಿವೆ, ದೋಷವು ಅಲ್ಲಿಂದಾಚೆಗಿದೆ.

ಅರ್ಥವಿಲ್ಲದ ಅಕ್ಷರಗಳು ಮೂಡಿದರೆ ಕಾರಣ ಬೇರೆ. ಇಲ್ಲಿ ತಂತಿ ಕೂಡಿದೆ, ಕಾಲ ಕೂಡಿಲ್ಲ! ಸರಣಿ ತಂತಿಯಲ್ಲಿ ಗಡಿಯಾರದ ಸಂಕೇತವೊಂದು ಪ್ರತ್ಯೇಕವಾಗಿ ಹರಿಯುವುದಿಲ್ಲ. ಎರಡು ತುದಿಗಳೂ ಒಂದೇ ವೇಗವನ್ನು ಮೊದಲೇ ಒಪ್ಪಿಕೊಂಡಿರಬೇಕು. ಫ್ರಾನ್ಸಿನ ತಂತಿ ಎಂಜಿನಿಯರ್ ಎಮಿಲ್ ಬೋಡೊನ ಸ್ಮರಣಾರ್ಥ ಈ ವೇಗದ ಮಾನಕ್ಕೆ ‘ಬೋಡ್’ ಎಂದು ಹೆಸರು. ಸಿಸ್ಕೊ ಸಂಸ್ಥೆಯ ಬಹುಪಾಲು ರೂಟರುಗಳಲ್ಲಿ ಮೊದಲಿಗಿರುವ ವೇಗ 9600. ಎಂದರೆ ಒಂದು ಮಿಡಿತಕ್ಕೆ ಸುಮಾರು 104 ಮೈಕ್ರೋಸೆಕೆಂಡು. ಆರಂಭಸೂಚಕ 1, ಅಕ್ಷರದ 8, ಅಂತ್ಯಸೂಚಕ 1, ಹೀಗೆ ಅಕ್ಷರವೊಂದಕ್ಕೆ 10 ಮಿಡಿತಗಳು. ಆರಂಭಸೂಚಕವನ್ನು ಕಂಡೊಡನೆ ಗ್ರಾಹಕವು ಕಾಲವನ್ನೆಣಿಸುತ್ತ ಪ್ರತಿ ಮಿಡಿತವನ್ನೂ ಅದರ ನಡುವಿನಲ್ಲಿ ಓದುವುದು. ವೇಗಗಳ ಅಂತರವು ಶೇಕಡ 5ರಷ್ಟಾದರೆ ಹತ್ತನೆಯ ಮಿಡಿತದ ವೇಳೆಗೆ ಅರ್ಧ ಮಿಡಿತದಷ್ಟು ತಪ್ಪು ಕೂಡಿ, ಓದು ಕೆಡುವುದು. ಗಣಕವನ್ನು 115200ಕ್ಕೆ ಇಟ್ಟಿದ್ದರೆ ಕೇಳಬೇಕೆ!

ರೂಟರಿನ ಮಾತು ಸ್ಪಷ್ಟವಾಗಿ ಕಾಣುತ್ತಿದ್ದು, ನಾವು ಒತ್ತಿದ ಕೀಲಿ ಮಾತ್ರ ಅದನ್ನು ಮುಟ್ಟದಿದ್ದರೆ, ಗಣಕದಲ್ಲಿ ‘ಫ್ಲೋ ಕಂಟ್ರೋಲ್’ ಎಂಬ ಹರಿವಿನ ನಿಯಂತ್ರಣವನ್ನು ತೆಗೆದುಹಾಕಿ ನೋಡಬೇಕು. ಬಾರದ ಅನುಮತಿಗಾಗಿ ಗಣಕವು ಕಾದು ಕುಳಿತಿರುವ ಸಂಭವವುಂಟು.

ಆದುದರಿಂದ ರೂಟರೇ ಹಾಳಾಯಿತೆಂದು ತೀರ್ಮಾನಿಸುವ ಮೊದಲು ತಂತಿ, ಡ್ರೈವರ್, ವೇಗ, ಹರಿವು ಎಂಬ ಕ್ರಮದಲ್ಲಿ ಪರೀಕ್ಷಿಸುವುದು ಲೇಸು.