ಜಮಖಂಡಿಯ ಮೂರು ಗೆರೆ

1868ರ ಆಗಸ್ಟ್ 18, ಮಂಗಳವಾರ, ಶ್ರಾವಣದ ಅಮವಾಸ್ಯೆ. ಗದಗಿನಿಂದ ಬಡಗಣಕ್ಕೆ, ಆಗ ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಮುಗಿಲು ನೋಡುತ್ತ ನಿಂತಿದ್ದ. ಊರ ಮೇಲೆ ಖಗ್ರಾಸ ಗ್ರಹಣ ಹಾಯುವುದಿತ್ತು. ಕತ್ತಲು ಐದು ನಿಮಿಷಕ್ಕೂ ಮಿಗಿಲು. ಚಂದ್ರನ ನಡಿಗೆಯನ್ನು ಸೆಕೆಂಡಿನ ಲೆಕ್ಕಕ್ಕೆ ಹಿಡಿದವರಿಗೂ ಮಳೆಗಾಲದ ಮೋಡ ಲೆಕ್ಕಕ್ಕೆ ಸಿಕ್ಕಿರಲಿಲ್ಲ.

ಮನೆತನ ಆಕಾಶದ್ದು, ನೌಕರಿ ನೆಲದ್ದು. ಅಜ್ಜ ವಿಲಿಯಂ ಹರ್ಷೆಲ್ ಯುರೇನಸ್ ಕಂಡವನು, ಸುಮಾರು ಎರಡೂವರೆ ಸಾವಿರ ನೀಹಾರಿಕೆ, ನಕ್ಷತ್ರಗುಚ್ಛಗಳ ಪಟ್ಟಿ ಬರೆದವನು. ತಂದೆ ಗುಡ್‌ಹೋಪ್ ಭೂಶಿರಕ್ಕೆ ಹೋಗಿ ದಕ್ಷಿಣದ ಆಕಾಶವನ್ನೂ ಜಾಲಾಡಿದ್ದ. ಮೊಮ್ಮಗ ಮಾತ್ರ ಮಹಾ ತ್ರಿಕೋನಮಿತಿ ಸರ್ವೇಯಲ್ಲಿ ಭೂಮಿ ಅಳೆಯುವ ಎಂಜಿನಿಯರ್. ಅಂಥವನ ಕೈಗೆ ಲಂಡನ್ನಿನ ರಾಯಲ್ ಸೊಸೈಟಿ ಐದು ಅಂಗುಲ ಮಸೂರದ ದೂರದರ್ಶಕ ಮತ್ತು ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ರೋಹಿತದರ್ಶಕವನ್ನು ಒಪ್ಪಿಸಿತ್ತು. ದೂರದರ್ಶಕ ದೊಡ್ಡದೇನಲ್ಲ. ಇಂದಿನ ಹವ್ಯಾಸಿಯೊಬ್ಬ ತನ್ನ ಮನೆಯ ಮಾಳಿಗೆಯ ಮೇಲೆ ಹೂಡಬಹುದಾದಷ್ಟೇ.

ಒಪ್ಪಿಸಿದ ಕೆಲಸ ಎರಡು. ನಾಲ್ಕು ವರ್ಷ ಹಿಂದೆ ಖಗೋಳಜ್ಞ ವಿಲಿಯಂ ಹಗ್ಗಿನ್ಸ್ ಒಂದು ನೀಹಾರಿಕೆಯ ಬೆಳಕನ್ನು ಬಿಡಿಸಿದಾಗ ಕಾಮನಬಿಲ್ಲಿನ ಬದಲು ಬಿಡಿ ಬಿಡಿ ಗೆರೆಗಳು ಬಿದ್ದಿದ್ದವು. ಅಲ್ಲಿದ್ದದ್ದು ನಕ್ಷತ್ರಗಳ ಗುಂಪಲ್ಲ, ಕಾದ ಅನಿಲ. ಲಂಡನ್ನಿನ ದಿಗಂತಕ್ಕೆ ಏರದ ನೀಹಾರಿಕೆಗಳನ್ನು ಭಾರತದಿಂದ ಪರೀಕ್ಷಿಸುವುದು ಒಂದು ಕೆಲಸವಾದರೆ, ಗ್ರಹಣದ ಹೊತ್ತಿಗೆ ಸೂರ್ಯನ ಅಂಚಿನಿಂದ ಚಾಚುವ ಕೆಂಪು ನಾಲಗೆಗಳು ಏತರವು ಎಂದು ಪತ್ತೆಹಚ್ಚುವುದು ಇನ್ನೊಂದು. ಹರ್ಷೆಲ್ ನೀಹಾರಿಕೆಗಳ ವರದಿ ಆಗಲೇ ಕಳಿಸಿದ್ದ. ಅಭ್ಯಾಸ ಚೆನ್ನಾಗಿಯೇ ಆಗಿತ್ತು ಎನ್ನಬೇಕು.

ಕತ್ತಲು ಕವಿದಾಗ ಸೂರ್ಯ ಮೋಡದ ಹಿಂದಿದ್ದ. ಎಷ್ಟೋ ದಿನಗಳ ಸಿದ್ಧತೆ ಬೂದಿ ಬಣ್ಣದ ಆ ಪರದೆಯ ಮುಂದೆ ಸುಮ್ಮನೆ ಕಾಯುತ್ತಿತ್ತು. ಒಮ್ಮೆಲೆ ಮೋಡ ಹರಿಯಿತು. ಗುರಿ ಹಿಡಿಯುವ ಚಿಕ್ಕ ದೂರದರ್ಶಕದಲ್ಲಿ ಕರಿಯ ಬಟ್ಟಲಿನ ಕೆಳಗೆ ಎಡಕ್ಕೆ ಬೆರಳಿನಂಥ ಉದ್ದನೆಯ ಜ್ವಾಲೆ. ಹರ್ಷೆಲ್ ತಿರುಪು ತಿರುವಿ ಸೂಜಿಮೊನೆಯನ್ನು ಅದರ ಮೇಲೆ ತಂದು, ಮರುಕ್ಷಣ ರೋಹಿತದರ್ಶಕಕ್ಕೆ ಕಣ್ಣಿಟ್ಟ. ಕೆಂಪು, ಕಿತ್ತಳೆ, ನೀಲಿ. ಮೂರೇ ಗೆರೆ. ನಡುವೆ ಬೇರೆ ಬಣ್ಣದ ಸುಳಿವೇ ಇಲ್ಲ. ಕೆಂಪು ನಾಲಗೆಯೂ ಅನಿಲವೇ! ಒಂದು ನೋಟಕ್ಕೆ ಒಗಟು ಒಡೆಯಿತು.

ಯಾವ ಅನಿಲ ಎನ್ನುವುದು ಉಳಿಯಿತು. ಅದಕ್ಕೆ ಗೆರೆಗಳ ಜಾಗ ಅಳೆಯಬೇಕು. ಎಡವಟ್ಟಾದದ್ದು ಇಲ್ಲಿ. ಅಳೆಯುವ ತಂತಿಯ ಮೇಲೆ ಬೀಳಬೇಕಾದ ದೀಪದ ಬೆಳಕು ಸಾಲದು. ಕೈ ನಡುಗುತ್ತಿದೆ. ಮೋಡ ಬಂದಾಗಲೆಲ್ಲ ಗೆರೆ ಮಾಯ, ಸರಿದಾಗ ಮತ್ತೆ ಮಿಂಚು. ಅರ್ಧ ಹೊತ್ತೂ ಅವು ಕಾಣಲಿಲ್ಲ. ಮೊದಲು ಕಿತ್ತಳೆಗೆ ತಂತಿ ಹೊಂದಿಸಿದ. ಆಮೇಲೆ ನೀಲಿ. ಕೆಂಪಿನ ಸರದಿ ಬರುವ ಮುನ್ನ ಬಿಸಿಲು ಸಿಡಿದು ಎಲ್ಲವನ್ನೂ ನುಂಗಿತು. ಐದು ನಿಮಿಷ ಎಲ್ಲಿ ಹೋದವೋ ತನಗೇ ತಿಳಿಯದೆಂದು, ಮೂರನ್ನೂ ಅಳೆಯಬೇಕಾಗಿತ್ತೆಂದು ಹರ್ಷೆಲ್ ವರದಿಯಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ. ವರದಿಗಳಲ್ಲಿ ಇಂಥ ಮಾತು ಅಪರೂಪ.

ಅಳತೆಯ ಫಲವನ್ನೂ ಅಷ್ಟೇ ನೇರವಾಗಿ ಬರೆದ. ಕಿತ್ತಳೆ ಗೆರೆ ತನ್ನ ಉಪಕರಣ ತೋರಬಲ್ಲ ಮಟ್ಟಿಗೆ ಸೋಡಿಯಂನ ‘ಡಿ’ ಗೆರೆಯೇ. ನೀಲಿ ಗೆರೆ ಜಲಜನಕದ ‘ಎಫ್’ಗೆ ಹತ್ತಿರ, ಆದರೆ ಅದೇ ಅಲ್ಲ. ಕೆಂಪು ಮಾತ್ರ ಅಂದಾಜು: ‘ಸಿ’ ಗೆರೆಯ ಆಸುಪಾಸು ಇರಬಹುದು.

ಅದೇ ಬೆಳಿಗ್ಗೆ ಗುಂಟೂರಿನಲ್ಲಿ ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ಅವೇ ಗೆರೆಗಳ ಹೊಳಪು ಕಂಡು, ಇವಕ್ಕೆ ಗ್ರಹಣವೇ ಬೇಡ ಎಂದುಕೊಂಡ. ಮರುದಿನ ಹಾಡಹಗಲಲ್ಲೇ ಅವನ್ನು ಹಿಡಿದ. ಅಕ್ಟೋಬರ್ 20ರಂದು ಇಂಗ್ಲೆಂಡಿನಲ್ಲಿ ಲಾಕ್ಯರ್ ಕೂಡ ಹಿಡಿದ. ಹಗಲಲ್ಲಿ ನಿಧಾನವಾಗಿ ಅಳೆಯುವ ದಾರಿ ತೆರೆದ ಮೇಲೆ ಗೊತ್ತಾಯಿತು: ಕಿತ್ತಳೆ ಗೆರೆ ಸೋಡಿಯಂ ಗೆರೆಗಳ ಪಕ್ಕದ್ದು, ಅವಲ್ಲ. ಭೂಮಿಯ ಮೇಲೆ ಯಾರೂ ಕಂಡಿರದ ಆ ಧಾತುವಿಗೆ ಸೂರ್ಯನ ಹೆಸರಿಟ್ಟು ಹೀಲಿಯಂ ಎಂದರು. ಲ್ಯಾಬಿನಲ್ಲಿ ಅದು ರಸಾಯನಜ್ಞ ರಾಮ್ಸೆ ಕೈಗೆ ಸಿಕ್ಕಿದ್ದು 1895ರಲ್ಲಿ.

ನೀಲಿ ಗೆರೆ ಜಲಜನಕದ ‘ಎಫ್’ ಗೆರೆಯೇ ಆಗಿತ್ತು. ಹರ್ಷೆಲ್ ಕಷ್ಟಪಟ್ಟು ಅಳೆದ ಎರಡೂ ತಪ್ಪಿದವು, ಅಳೆಯಲಾಗದೆ ಊಹಿಸಿದ್ದು ಸರಿಬಿತ್ತು. ಕೆಂಪು ‘ಸಿ’ ಗೆರೆಯೂ ಜಲಜನಕದ್ದು, ತರಂಗಾಂತರ 656.3 ನ್ಯಾನೊಮೀಟರ್. ಬಿಸಿ ನಕ್ಷತ್ರಗಳ ನೇರಳಾತೀತ ಕಿರಣ ತಾಕಿದ ನೀಹಾರಿಕೆಗಳೂ ಇದೇ ಬಣ್ಣದಲ್ಲಿ ಉರಿಯುತ್ತವೆ. ಹವ್ಯಾಸಿ ಛಾಯಾಗ್ರಾಹಕರು ಕ್ಯಾಮೆರಾದ ಮುಂದೆ ತಿರುಗಿಸಿ ಕೂರಿಸುವ ‘ಎಚ್-ಆಲ್ಫಾ’ ಫಿಲ್ಟರ್ ಆ ಗೆರೆಯ ಅಕ್ಕಪಕ್ಕದ ಕೆಲವೇ ನ್ಯಾನೊಮೀಟರಿನಷ್ಟು ಬೆಳಕನ್ನು ಒಳಗೆ ಬಿಟ್ಟು ಉಳಿದದ್ದನ್ನು ತಡೆಯುತ್ತದೆ. ತಡೆಯುವುದರಲ್ಲಿ ಬೀದಿಯ ಸೋಡಿಯಂ ದೀಪದ ಹಳದಿಯೂ ಸೇರಿದೆ. ಅದು ಜಮಖಂಡಿಯಲ್ಲಿ ಹರ್ಷೆಲ್ ಕಂಡೆನೆಂದುಕೊಂಡ ‘ಡಿ’ ಗೆರೆ.